ಡ್ರೈವರ್ ಕೆರಿಯಪ್ಪನ ಹಸಿ ಊಟ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬೆಳಗಿನ ಖಾಸಗಿ ಬಸ್ಸನ್ನು ಕೆರಿಯಪ್ಪ ಇಪ್ಪತ್ತಾರು ವರ್ಷದಿಂದ ಓಡಿಸುತ್ತಿದ್ದಾನೆ. ಈ ನಡುವೆ ಮಾಲೀಕರು ಬದಲಾದರು, ಬಸ್ಸುಗಳು ನಾಲ್ಕು ಬದಲಾದವು. ಡ್ರೈವರ್ ಸೀಟಿನಲ್ಲಿ ಕೂತವನು ಮಾತ್ರ ಅವನೇ. ಯಾವ ತಿರುವಿನಲ್ಲಿ ಯಾರು ಕೈ ಅಡ್ಡ ಹಿಡಿಯುತ್ತಾರೆ, ಯಾವ ಅಜ್ಜಿಗೆ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು, ಬಟ್ಟೆಮಲ್ಲಪ್ಪದಲ್ಲಿ ಹಾಲಿನ ಕ್ಯಾನು ಇಳಿಸಲು ಎಷ್ಟು ನಿಮಿಷ ಹಿಡಿಯುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಅಷ್ಟು ವರ್ಷದಲ್ಲಿ ಒಂದು ನಾಯಿಗೂ ಚಕ್ರ ತಾಗಿಸಿದವನಲ್ಲ. ಅದನ್ನು ಅವನಾಗಿ ಹೇಳಿಕೊಳ್ಳುತ್ತಿರಲಿಲ್ಲ. ಕಂಡಕ್ಟರ್ ಗಣೇಶ್ ಹೊಸ ಪ್ರಯಾಣಿಕರಿಗೆಲ್ಲ ಹೇಳುತ್ತಿದ್ದ.

ಐವತ್ತನಾಲ್ಕು ತುಂಬುವಷ್ಟರಲ್ಲಿ ಕೆರಿಯಪ್ಪನ ಮೈಗೆ ಎರಡು ಕಾಯಿಲೆ ಸೇರಿದ್ದವು. ಒಂದು ಸಕ್ಕರೆ ಕಾಯಿಲೆ. ಹೊಸನಗರದ ಡಾಕ್ಟರ್ ತೃಪ್ತಿ ಬರೆದುಕೊಟ್ಟ ಮಾತ್ರೆಯನ್ನು ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ನುಂಗಿ, ಆಮೇಲೆ ಅದರ ಯೋಚನೆಯನ್ನೇ ಬಿಡುತ್ತಿದ್ದ. ಇನ್ನೊಂದು ಹಾಗೆ ಮರೆಯಲು ಬಿಡುವ ಕಾಯಿಲೆಯಲ್ಲ. ಮೂಲವ್ಯಾಧಿ. ಎಂಜಿನ್ನಿನ ಕಾವಿನ ಪಕ್ಕ ದಿನಕ್ಕೆ ಒಂಬತ್ತು ತಾಸು ಕೂತು, ಸ್ಟ್ಯಾಂಡಿನ ಹೋಟೆಲಿನ ಬನ್ಸು ಬೋಂಡಾ ತಿಂದು, ದಾರಿಯಲ್ಲಿ ಇಳಿಯಬೇಕಾದೀತೆಂದು ನೀರೂ ಕುಡಿಯದೆ ಕಳೆದ ಕಾಲವೆಲ್ಲ ಕೂತ ಜಾಗದಲ್ಲೇ ಸೇಡು ತೀರಿಸಿಕೊಂಡಿತ್ತು. ಹೆಂಡತಿ ಗುತ್ಯಮ್ಮನಿಗೂ ಅವನು ಬಾಯಿ ಬಿಟ್ಟಿರಲಿಲ್ಲ. ಸೀಟಿನ ಮೇಲೆ ಕಂಬಳಿ ಮಡಚಿ ಹಾಕಿಕೊಂಡಿದ್ದ. ರಸ್ತೆಯಲ್ಲಿ ಗುಂಡಿ ಕಂಡರೆ ಎರಡೂ ಕೈಯನ್ನು ಸ್ಟೇರಿಂಗಿಗೆ ಊರಿ, ಹಲ್ಲು ಕಚ್ಚಿ, ಮೈಯನ್ನು ಒಂದಂಗುಲ ಮೇಲೆತ್ತುತ್ತಿದ್ದ.

ಇದನ್ನು ಪತ್ತೆ ಹಚ್ಚಿದವರು ಹಿಪ್ಪರಗಿ ಟೀಚರ್. ವಿಜಯಪುರದ ಕಡೆಯಿಂದ ಬಂದು ಸಾಗರದಲ್ಲಿ ಮನೆ ಮಾಡಿದ್ದ ಅವರು ಹೊಸನಗರದ ಶಾಲೆಗೆ ದಿನಾ ಇದೇ ಬಸ್ಸಿಗೆ ಬರುತ್ತಿದ್ದರು. ಡ್ರೈವರ್ ಬೆನ್ನಿನ ಹಿಂದಿನ ಸೀಟು ಅವರಿಗೆ ಖಾಯಂ. ಒಂದು ದಿನ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದರು:

"ಅಣ್ಣಾರ, ತಪ್ಪ ತಿಳ್ಕೋಬ್ಯಾಡ್ರಿ. ನಮ್ಮಪ್ಪಾರೂ ಮೂವತ್ತ ವರ್ಷ ಲಾರಿ ಹೊಡದವ್ರು. ಗುಂಡಿ ಬಂದ್ರ ಅವ್ರೂ ಹಿಂಗ ಏಳತಿದ್ರು."

ಕೆರಿಯಪ್ಪನ ಕಿವಿ ಬಿಸಿಯಾಯಿತು. ಗೇರು ಬದಲಿಸುವುದರಲ್ಲಿ ಮುಳುಗಿದವನಂತೆ ನಟಿಸಿದ. ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಬಂದು ಒಂದು ಪುಟ್ಟ ಡಬ್ಬಿಯನ್ನು ಎಂಜಿನ್ ಪೆಟ್ಟಿಗೆಯ ಮೇಲಿಟ್ಟರು.

"ಅಗಸಿ ಹಿಂಡಿರಿ ಇದು. ಅಗಸಿ ಬೀಜ ಹುರದು ಕುಟ್ಟಿದ್ದು. ನಿಮಗಂತ ಖಾರ ಹಾಕಿಲ್ಲ. ದಿನಾ ಎರಡು ಚಮಚಾ ಮಸರಿನ್ಯಾಗ ಕಲಸಿ ತಿನ್ರಿ. ಆದ್ರ ನೀರು ಮಾತ್ರ ಚಲೋತ್ನಾಗಿ ಕುಡೀಬೇಕು, ಇಲ್ಲಂದ್ರ ಉಲ್ಟಾ ಆಗ್ತದ. ಮತ್ತ ಸವತಿಕಾಯಿ, ಗಜ್ಜರಿ ಹಸೀದ ತಿನ್ರಿ. ನಮ್ಮೂರಾಗ ರೊಟ್ಟಿ ಜೋಡಿ ಹಸೀದು ಏನರೆ ಇಲ್ದ ಊಟಕ್ಕ ಕೂಡೂದೇ ಇಲ್ಲ."

ಗಜ್ಜರಿ ಎಂದರೆ ಕ್ಯಾರೆಟ್ಟು ಎಂದು ಗಣೇಶ್ ಅರ್ಥ ಹೇಳಿದ. ಕೆರಿಯಪ್ಪನಿಗೆ ಅಗಸೆ ಎಂದರೆ ಬಡಗಿಗಳು ಬಾಗಿಲಿಗೆ ಹಚ್ಚುವ ಎಣ್ಣೆ ಎಂದಷ್ಟೇ ಗೊತ್ತಿತ್ತು. ಬಾಗಿಲಿಗೆ ಹಚ್ಚುವುದನ್ನು ಹೊಟ್ಟೆಗೆ ಹಾಕುವುದೇ ಎಂದು ಎರಡು ದಿನ ಡಬ್ಬಿಯನ್ನು ಮುಟ್ಟಲಿಲ್ಲ. ಮೂರನೇ ದಿನ ಬೆಳಿಗ್ಗೆ ನೋವಿಗೆ ಕಣ್ಣಲ್ಲಿ ನೀರು ಬಂದಾಗ, ನೋಡೇಬಿಡೋಣ ಎಂದು ಮುಚ್ಚಳ ತೆಗೆದ.

ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಬೋಂಡಾದ ಬದಲು ಮುಳ್ಳುಸೌತೆ ಕಚ್ಚುತ್ತ ನಿಂತ ಕೆರಿಯಪ್ಪನನ್ನು ಕಂಡು ಉಳಿದ ಡ್ರೈವರುಗಳು ನಕ್ಕರು. "ಎಂತ ಕೆರಿಯಣ್ಣ, ಮೊಲ ಸಾಕಿದೀರಾ ಹೊಟ್ಟೇಲಿ?" ಎಂದು ಒಬ್ಬ ಕೇಳಿದ. ನಗಲಿ ಎಂದು ಇನ್ನೊಂದು ತುಂಡು ಕಚ್ಚಿದ. ಒಂದು ತಿಂಗಳು ಕಳೆಯುವುದರೊಳಗೆ ಬೆಳಗಿನ ಕೆಲಸ ಸಲೀಸಾಯಿತು. ಮತ್ತೆ ಹದಿನೈದು ದಿನಕ್ಕೆ ರಕ್ತ ಬೀಳುವುದು ನಿಂತಿತು. ಸೀಟಿನ ಮೇಲಿನ ಕಂಬಳಿ ತೆಗೆದು ಮನೆಗೆ ಒಯ್ದ. ಟೀಚರಿಗೆ ಏನು ಹೇಳುವುದೆಂದು ತಿಳಿಯದೆ, ಅವರು ಇಳಿಯುವಾಗ ಒಂದು ದಿನ ಬಸ್ಸನ್ನು ಶಾಲೆಯ ಗೇಟಿನ ಎದುರಿಗೇ ನಿಲ್ಲಿಸಿದ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗುಣವಾದ ಮನುಷ್ಯನಿಗೆ ಹುಮ್ಮಸ್ಸು ಹೆಚ್ಚು. ಬಿಡುವಿನಲ್ಲಿ ಮೊಬೈಲಿನಲ್ಲಿ ಹಸಿ ಆಹಾರದ ವಿಡಿಯೋಗಳನ್ನು ನೋಡತೊಡಗಿದ. ಒಂದು ನೋಡಿದರೆ ಹತ್ತು ಬಂದವು. ಅದರಲ್ಲಿ ಬಿಳಿ ಜುಬ್ಬದವನೊಬ್ಬ, ಬೆಂಕಿ ತಾಗಿದ ಅನ್ನವೆಲ್ಲ ಸತ್ತ ಅನ್ನ, ಹಸಿಯಾದದ್ದನ್ನು ತಿಂದವನಿಗೆ ಕಾಯಿಲೆಯೇ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಮೂಲವ್ಯಾಧಿ ಹೋಗಿದ್ದನ್ನು ಸ್ವತಃ ಕಂಡ ಕೆರಿಯಪ್ಪನಿಗೆ ಸಕ್ಕರೆಯೂ ಹೀಗೇ ಹೋದೀತೆಂಬ ಆಸೆ ಹುಟ್ಟಿತು.

ಮನೆಯಲ್ಲಿ ಗುತ್ಯಮ್ಮ ಬೆಳಗಿನ ಜಾವವೇ ಎದ್ದು ಒಲೆ ಹಚ್ಚುವವಳು. ಅವನು ಡ್ಯೂಟಿಗೆ ಹೊರಡುವಷ್ಟರಲ್ಲಿ ನಾಲ್ಕು ಅಕ್ಕಿರೊಟ್ಟಿ, ಕೆಸುವಿನ ಚಟ್ನಿಯೋ ರಾತ್ರಿಯ ಮೀನು ಸಾರೋ ಸಿದ್ಧವಿರುತ್ತಿತ್ತು. ಅವಳ ರೊಟ್ಟಿ ಎಂದರೆ ನೆಂಟರಿಷ್ಟರೆಲ್ಲ ಹೆಸರು ಹೇಳುವಂಥದ್ದು. ಅಂಥ ರೊಟ್ಟಿಯ ತಟ್ಟೆಯನ್ನು ಒಂದು ಬೆಳಿಗ್ಗೆ ಕೆರಿಯಪ್ಪ ಪಕ್ಕಕ್ಕೆ ಸರಿಸಿದ.

"ಇನ್ಮೇಲೆ ನಂಗೆ ಬೇಯ್ಸಿದ್ದು ಬ್ಯಾಡ ಮಾರಾಯ್ತಿ. ಬೆಂಕಿ ತಾಗಿದ್ದು ಸತ್ತ ಊಟ ಅಂತೆ."

ಗುತ್ಯಮ್ಮ ಕಾವಲಿಯ ಮೇಲಿನ ರೊಟ್ಟಿ ಮಗುಚಿ ಹಾಕಿ ಅವನತ್ತ ತಿರುಗಿದಳು. "ಹಂಗಾರೆ ಮೂವತ್ತು ವರ್ಷ ಸತ್ತಿದ್ದೇ ಬಡಿಸಿದ್ನಾ ನಾನು?"

"ಹಂಗಲ್ಲ..."

"ಮತ್ತೆ ಹೆಂಗೆ?"

ಮರುದಿನದಿಂದ ಅವನ ಎದುರಿಗೆ ಸೌತೆಕಾಯಿ, ಮೊಳಕೆ ಹೆಸರುಕಾಳು, ಅಗಸೆ ಪುಡಿ ಬಂದು ಕೂರುತ್ತಿದ್ದವು. ಬಡಿಸುವ ಕೈ ಮಾತ್ರ ಒಳಗೆ ಹೊರಟುಹೋಗುತ್ತಿತ್ತು. ಅವನ ಹೊಟ್ಟೆ ತುಂಬುತ್ತಿರಲಿಲ್ಲ. ಅದನ್ನು ಹೇಳಿದರೆ ಸೋತಂತೆ ಎಂದು ಹೇಳಲೂ ಇಲ್ಲ. ಮಾತ್ರೆಯನ್ನು ಮಾತ್ರ ಮೊದಲಿನಂತೆ ತಪ್ಪದೆ ನುಂಗುತ್ತಿದ್ದ.

ಹೀಗೆ ಮೂರು ವಾರ ಕಳೆದಿತ್ತು. ಅಂದು ಬೆಳಿಗ್ಗೆ ಹಿಡಿ ಮೊಳಕೆಕಾಳು ತಿಂದು ಬಂದಿದ್ದವನು ಹೊಸನಗರದಲ್ಲಿ ಟೀಚರನ್ನು ಇಳಿಸಿ ತೀರ್ಥಹಳ್ಳಿಯ ದಾರಿ ಹಿಡಿದ. ಅರಳಸುರಳಿ ದಾಟುವಾಗ ಕತ್ತಿನ ಹಿಂದೆ ತಣ್ಣಗೆ ಬೆವರಿತು. ಸೆಕೆ ಇರಬೇಕು ಎಂದುಕೊಂಡ. ಆಮೇಲೆ ಕೈ ನಡುಗಿತು. ಎದುರಿಗಿದ್ದ ಒಂದು ರಸ್ತೆ ಎರಡಾಯಿತು. ಯಾವುದು ನಿಜವಾದದ್ದೆಂದು ತಿಳಿಯಲಿಲ್ಲ. ಗಣೇಶನನ್ನು ಕೂಗಬೇಕೆಂದರೆ ನಾಲಿಗೆ ಏಳಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ ಮಾತ್ರ ಕಾಲಲ್ಲಿ ಉಳಿದಿತ್ತು. ಬ್ರೇಕಿನ ಮೇಲೆ ಮೆಲ್ಲಗೆ ಕಾಲೂರಿದ, ಎಡಕ್ಕೆ ತೆಗೆದ, ಹ್ಯಾಂಡ್ ಬ್ರೇಕ್ ಎಳೆದ. ಎಂಜಿನ್ ಆಫ್ ಮಾಡಿದ್ದು ಅವನಿಗೆ ನೆನಪಿಲ್ಲ.

"ಕೆರಿಯಣ್ಣಾ! ಎಂತಾಯ್ತು? ಅಣ್ಣಾ!" ಗಣೇಶ್ ಭುಜ ಹಿಡಿದು ಅಲುಗಿಸುತ್ತಿದ್ದ.

ಹಿಂದಿನಿಂದ ಒಬ್ಬಾಕೆ ಜನರನ್ನು ಸರಿಸಿಕೊಂಡು ಬಂದಳು. ತೀರ್ಥಹಳ್ಳಿಗೆ ಮಗಳ ಮನೆಗೆ ಹೊರಟಿದ್ದ ದುಗ್ಗಮ್ಮ. "ಸಕ್ಕರೆ ಇಳ್ದಿದೆ ಇವ್ರಿಗೆ. ನನ್ ತಮ್ಮಂಗೂ ಹಿಂಗೇ ಆಗದು. ಎಚ್ರ ಇದೆ, ಜಗಿತಾರೆ, ಸರಿರಿ ಅತ್ಲಾಗೆ" ಎನ್ನುತ್ತ ಮೊಮ್ಮಕ್ಕಳಿಗೆಂದು ಕಟ್ಟಿಕೊಂಡಿದ್ದ ಬೆಲ್ಲದ ಅಚ್ಚನ್ನು ಸೀಟಿನ ಕಂಬಿಗೆ ಬಡಿದು ಒಡೆದು ಒಂದು ಚೂರು ಅವನ ಬಾಯಿಗಿಟ್ಟಳು. ಆಮೇಲೆ ಇನ್ನೊಂದು. ಹತ್ತು ನಿಮಿಷದಲ್ಲಿ ರಸ್ತೆ ಮತ್ತೆ ಒಂದಾಯಿತು.

ಕಣ್ಣು ನೆಟ್ಟಗಾದ ಮೇಲೆ ಕೆರಿಯಪ್ಪ ಕಂಡದ್ದು ರಸ್ತೆಯ ಬದಿಗೆ ಇಳಿದು ನಿಂತ ನಲವತ್ತೊಂದು ಜನರನ್ನು. ಅವರಲ್ಲಿ ಎದೆಗೆ ಮಗುವನ್ನು ಅವುಚಿಕೊಂಡ ಹೆಂಗಸೊಬ್ಬಳಿದ್ದಳು. ಹತ್ತು ಮಾರು ಮುಂದೆ ರಸ್ತೆ ಬಲಕ್ಕೆ ಹೊರಳಿತ್ತು, ಎಡಕ್ಕೆ ಇಳಿಜಾರು. ಯಾರೂ ಅವನನ್ನು ಒಂದು ಮಾತು ಬಯ್ಯಲಿಲ್ಲ. "ಈಗ ಆರಾಮಿದೀರಾ?" ಎಂದೇ ಎಲ್ಲರೂ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕೀಲಿಯನ್ನು ಗಣೇಶನ ಕೈಗಿಟ್ಟು, ಮೈಲಿಗಲ್ಲಿನ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ಡಾಕ್ಟ್ರ ಚೀಟಿ ತಗಂಡು ಬಾ. ಅಲ್ಲಿವರ್ಗೂ ರಜ ಮಾಡು" ಎಂದರು ಮಾಲೀಕರು. ನ್ಯಾಯವಾದ ಮಾತೇ.

ಡಾಕ್ಟರ್ ತೃಪ್ತಿಯ ಎದುರು ಗಂಡ ಹೆಂಡತಿ ಇಬ್ಬರೂ ಕೂತರು. ಕೆರಿಯಪ್ಪ ಡಬ್ಬಿಯ ಕಥೆಯಿಂದ ಹಿಡಿದು ವಿಡಿಯೋದವರೆಗೆ ಎಲ್ಲವನ್ನೂ ಒಪ್ಪಿಸಿದ. ಮೂಲವ್ಯಾಧಿಯ ವಿಷಯ ಗುತ್ಯಮ್ಮನಿಗೆ ಗೊತ್ತಾದದ್ದೇ ಅಲ್ಲಿ. ಅವಳು ಅವನನ್ನೊಮ್ಮೆ ನೋಡಿ ನೆಲ ನೋಡಿದಳು.

"ಅಗಸೆ ಬೀಜದ್ದು ತಪ್ಪಿಲ್ಲ, ಹಸಿ ತರಕಾರಿದೂ ತಪ್ಪಿಲ್ಲ" ಎಂದರು ಡಾಕ್ಟರ್. "ಅದ್ರಿಂದ ನಿಮಗೆ ಒಳ್ಳೇದೇ ಆಗಿದೆ, ಮುಂದುವರಿಸಿ. ಆದ್ರೆ ನಾನು ಮಾತ್ರೆ ಬರೆದಿದ್ದು ನಾಲ್ಕು ರೊಟ್ಟಿ ತಿನ್ನೋ ಕೆರಿಯಪ್ಪನಿಗೆ. ಊಟ ಕಮ್ಮಿಯಾದ್ರೆ ಅದೇ ಮಾತ್ರೆ ಸಕ್ಕರೆನ ವಿಪರೀತ ಇಳಿಸುತ್ತೆ. ಊಟ ಪೂರ್ತಿ ಬದಲಾಯಿಸೋ ಮೊದಲು ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ವಾ? ಮೊಬೈಲಿನವನಿಗೆ ನಿಮ್ಮ ಮಾತ್ರೆ ಯಾವುದು ಅಂತ ಗೊತ್ತಾ?"

ಡಾಕ್ಟರ್ ಬೇರೆ ಮಾತ್ರೆ ಬರೆದು, ಪೆನ್ನು ಇಡುತ್ತ ಗುತ್ಯಮ್ಮನ ಕಡೆ ತಿರುಗಿದರು. "ನಿಮ್ಮದು ಯಾವತ್ತಾದ್ರೂ ಪರೀಕ್ಷೆ ಮಾಡ್ಸಿದೀರಾ ಅಮ್ಮ?"

"ನಂಗೆಂತ ಆಗಿದೆ ಡಾಕ್ಟ್ರೇ, ಗಟ್ಟಿ ಇದೀನಿ."

"ಗಟ್ಟಿ ಇರೋರದ್ದೂ ನೋಡ್ತೀವಿ. ಬೆರಳು ಕೊಡಿ."

ಯಂತ್ರದಲ್ಲಿ ಇನ್ನೂರ ಅರವತ್ತೆಂಟು ಎಂದು ಬಂತು. ಕೆರಿಯಪ್ಪನದ್ದು ಎಂದೂ ಅಷ್ಟು ಏರಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಪ್ರಯಾಣಿಕರಾಗಿ ಕೂತಿದ್ದರು. ಕೆರಿಯಪ್ಪ ಒಂದೊಂದನ್ನೇ ಹಿಂದಕ್ಕೆ ನೆನೆಸಿಕೊಂಡ. ಇವಳು ಪದೇ ಪದೇ ಎದ್ದು ನೀರು ಕುಡಿಯುತ್ತಿದ್ದಳು. ಕಾಲಿಗೆ ಮುಳ್ಳು ಚುಚ್ಚಿದ ಗಾಯ ಎರಡು ತಿಂಗಳಾದರೂ ಮಾಗಿರಲಿಲ್ಲ. ರವಿಕೆಯ ತೋಳು ಸಡಿಲಾಗಿತ್ತು. ದಾರಿಯಲ್ಲಿ ಹತ್ತುವ ಅಜ್ಜಿಯರ ಕಾಲಿನ ನೋವೂ ತಿಳಿಯುವ ಕಣ್ಣಿಗೆ ಇದು ಕಂಡಿರಲಿಲ್ಲ. "ಯಾಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದ. "ನೀವು ಹೇಳಿದ್ರಾ?" ಎಂದಳು ಗುತ್ಯಮ್ಮ.

ಒಂದು ತಿಂಗಳ ರಜೆ ಕೆರಿಯಪ್ಪನಿಗೆ ಮನೆಯನ್ನು ತೋರಿಸಿತು. ಗುತ್ಯಮ್ಮ ಊಟಕ್ಕೆ ಕೂರುತ್ತಿದ್ದುದು ಮಧ್ಯಾಹ್ನ ಮೂರಕ್ಕೆ, ಕೊಟ್ಟಿಗೆ, ಗದ್ದೆ, ಪಾತ್ರೆ ಎಲ್ಲ ಮುಗಿದ ಮೇಲೆ. ಆಗಲೂ ಒಂದು ರಾಶಿ ತಣ್ಣನೆ ಅನ್ನ, ಮೇಲೆ ಉಳಿದ ಸಾರು. ಬೆಂದದ್ದೋ ಹಸಿಯೋ, ತರಕಾರಿ ಎಂಬುದು ಅವಳ ತಟ್ಟೆಗೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು.

ಎರಡನೇ ದಿನ ಅವನೇ ಅಡುಗೆಮನೆಗೆ ಹೋಗಿ ಸೌತೆಕಾಯಿ ಹೆಚ್ಚಿದ. ಹೋಳುಗಳನ್ನು ಕಂಡು ಗುತ್ಯಮ್ಮ ಎಷ್ಟೋ ದಿನದ ಮೇಲೆ ನಕ್ಕಳು. "ಇದನ್ನ ಎಂತ ಎಮ್ಮೆಗೆ ಹಾಕದಾ?"

"ಹೇಳಿಕೊಡು ಮತ್ತೆ."

ಹೇಳಿಕೊಟ್ಟಳು. ಹಿತ್ತಲಿಂದ ಬಾಳೆದಿಂಡು ತಂದು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಪ್ರತಿ ಬಿಲ್ಲೆಗೂ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆಯುವುದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕುವುದು, ಸಣ್ಣಗೆ ಕೊಚ್ಚಿ ಮೊಳಕೆ ಹೆಸರುಕಾಳು, ಕಾಯಿತುರಿ, ನಿಂಬೆಹುಳಿ ಬೆರೆಸುವುದು. ಗದ್ದೆಯ ಅಂಚಿನ ಒಂದೆಲಗವನ್ನು ಹಸಿಯಾಗಿಯೇ ಅರೆದು ತಂಬುಳಿ ಮಾಡುವುದು. ಬಿಳಿ ಜುಬ್ಬದವನ ಬಾಯಲ್ಲಿ ಹೊಸ ವಿದ್ಯೆಯಂತೆ ಕೇಳಿಸಿದ್ದೆಲ್ಲ ತನ್ನ ಹೆಂಡತಿಯ ಕೈಯಲ್ಲಿ ಮೊದಲಿನಿಂದ ಇತ್ತು ಎಂದು ಅವನಿಗೆ ಆಗ ತಿಳಿಯಿತು. ಅಗಸೆ ಮಾತ್ರ ಅವಳಿಗೂ ಹೊಸದು. ಅವಳು ಅದನ್ನು ಮೂಸಿ ನೋಡಿ, ಹುರಿದು ಪುಡಿ ಮಾಡಿ, ಅಕ್ಕಿರೊಟ್ಟಿಯ ಹಿಟ್ಟಿಗೆ ಎರಡು ಚಮಚ ಕಲಸಿದಳು. ರೊಟ್ಟಿ ಸ್ವಲ್ಪ ಕಪ್ಪಗಾಯಿತು, ಎಳ್ಳು ಹಾಕಿದಂತೆ ಘಮಘಮ ಎಂದಿತು.

"ಇದು ಸತ್ತಿದ್ದಾ, ಬದ್ಕಿದ್ದಾ?" ಎಂದು ಕೇಳಿದಳು.

"ತಪ್ಪಾಯ್ತು ಮಾರಾಯ್ತಿ. ಇನ್ನೊಂದು ಹಾಕು."

"ಎರಡು ಅಂತ ಹೇಳಿದಾರೆ ಡಾಕ್ಟ್ರು. ಎರಡಾಯ್ತು."

ತಿಂಗಳ ಕೊನೆಗೆ ಡಾಕ್ಟರ್ ಚೀಟಿ ಕೊಟ್ಟರು, ಕೆರಿಯಪ್ಪ ಬಸ್ಸು ಹತ್ತಿದ. ಹತ್ತಿದ ಮೊದಲ ವಾರ ಅರಳಸುರಳಿ ಬಂದಾಗೆಲ್ಲ ಅಂಗೈ ಒದ್ದೆಯಾಗುತ್ತಿತ್ತು. ಈಗ ಇಲ್ಲ. ಹಿಪ್ಪರಗಿ ಟೀಚರಿಗೆ ಗುತ್ಯಮ್ಮ ತಾನೇ ಮಾಡಿದ ಅಗಸೆ ಚಟ್ನಿಪುಡಿ ಕಳಿಸಿದಳು, ಸೂಜಿಮೆಣಸು ಹಾಕಿ. ವಿಜಯಪುರದ ಖಾರ ಉಂಡು ಬೆಳೆದ ಟೀಚರ್ ಕೂಡ ಮರುದಿನ "ಏನ್ ಖಾರರಿ ಅಕ್ಕಾರದು!" ಎಂದು ಬಸ್ಸಿಗೆಲ್ಲ ಕೇಳುವಂತೆ ಹೊಗಳಿದರು.

ಸಕ್ಕರೆ ಇಬ್ಬರಿಗೂ ಪೂರ್ತಿ ಹೋಗಿಲ್ಲ. ಕೆರಿಯಪ್ಪನದು ಹತೋಟಿಗೆ ಬಂದಿದೆ. ಗುತ್ಯಮ್ಮನದು ನಿಧಾನ. ಅವಳೂ ಮಾತ್ರೆ ನುಂಗುತ್ತಾಳೆ, ಕಾಲಿನ ಗಾಯ ದೀಪಾವಳಿಯ ಹೊತ್ತಿಗೆ ಮಾಗಿತು. ಮೂರು ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೆ ಹೊಸನಗರಕ್ಕೆ ಹೋಗಿ ಬೆರಳು ಚುಚ್ಚಿಸಿಕೊಂಡು ಬರುತ್ತಾರೆ. ಮೀನು ಸಾರು ಬಿಟ್ಟಿಲ್ಲ, ರೊಟ್ಟಿ ಬಿಟ್ಟಿಲ್ಲ. ತಟ್ಟೆಯ ಅರ್ಧಭಾಗ ಹಸಿ ತರಕಾರಿಗೂ ಸೊಪ್ಪಿಗೂ ಮೀಸಲು.

ಇನ್ನೊಂದು ಬದಲಾವಣೆಯನ್ನು ಡಾಕ್ಟರ್ ಬರೆದುಕೊಟ್ಟಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎರಡು ತಟ್ಟೆ ಹಾಕುತ್ತಾರೆ. ಮೊದಮೊದಲು ಗುತ್ಯಮ್ಮ, "ನೀವು ತಿನ್ನಿ, ಆಮೇಲೆ ನಾನು" ಎಂದು ಎದ್ದು ಹೋಗುತ್ತಿದ್ದಳು. ಕೆರಿಯಪ್ಪ ತಟ್ಟೆಗೆ ಕೈ ಹಾಕದೆ ಕೂತಿರುತ್ತಿದ್ದ. ಬಸ್ಸಿಗೆ ಹೊತ್ತಾಗುತ್ತದೆಂದು ಅವಳೇ ಬಂದು ಕೂರಬೇಕಾಗುತ್ತಿತ್ತು. ಈಗ ಅವನು ಕೋಸಂಬರಿ ಬಡಿಸುತ್ತಾನೆ, ಅವಳು ರೊಟ್ಟಿ ಬಡಿಸುತ್ತಾಳೆ, ಉಪ್ಪು ಹೆಚ್ಚೋ ಕಡಿಮೆಯೋ ಎಂದು ಇಬ್ಬರೂ ಜಗಳವಾಡುತ್ತ ತಿನ್ನುತ್ತಾರೆ.