ಟವೆಲ್ ಮುಚ್ಚಿದ ಅಳಗುಳಿ ಮಣೆ

ಬಾಡಿಗೆಗೆ ಕೇಳಿದ್ದ ಟೈಲರ್ ಬಂದು ನಮ್ಮ ಮುಂಗೋಣೆಯ ಕಿಟಕಿಯನ್ನು ತನ್ನ ಟೇಪಿನಿಂದ ಅಳೆದುಕೊಂಡು ಹೋದ ದಿನವೇ, ಆ ಕೋಣೆ ನನಗೆ ಬೇಕು ಎಂದು ನಾನು ಬಾಯಿಬಿಟ್ಟು ಹೇಳಿದ್ದು. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಆ ಮನೆಯಲ್ಲಿ ನನಗಾಗಿ ನಾನು ಏನಾದರೂ ಕೇಳಿದ್ದು ಅದೇ ಮೊದಲು. ಅತ್ತೆ ಹಸನು ಮಾಡುತ್ತಿದ್ದ ಅವರೆಕಾಳಿನ ಮೊರವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ನಮ್ಮ ಮನೆ ತಿಪಟೂರಿನಲ್ಲಿ, ಕೊಬ್ಬರಿ ಮಂಡಿಗಳ ಬೀದಿಯಿಂದ ಎರಡು ತಿರುವು ಆಚೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಯಜಮಾನರು ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆ ಅತ್ತೆಯ ಹೆಸರಿನಲ್ಲಿತ್ತು. ಅರಳಗುಪ್ಪೆಯ ತವರಿನಿಂದ ಬಂದ ಒಂದು ಚಿಕ್ಕ ತೆಂಗಿನ ತೋಟವೂ ಅವರದೇ, ನೋಡಿಕೊಳ್ಳುತ್ತಿದ್ದದ್ದು ಅವರ ತಮ್ಮ. ಮುಂಗೋಣೆಯ ಬಾಡಿಗೆ ಬಂದರೆ ಅದು ಅವರ ಕೈಖರ್ಚಿಗೆ ಎಂದು ಮಾತಾಗಿತ್ತು.

ನಾನು ಬಿ.ಕಾಂ. ಓದಿದ್ದೆ. ಪಕ್ಕದ ಬೀದಿಯಲ್ಲಿ ಒಬ್ಬ ವಯಸ್ಸಾದ ಆಡಿಟರ್ ಇದ್ದರು. ತೆರಿಗೆ ಲೆಕ್ಕ ಬರೆದುಕೊಡುವವರನ್ನೆಲ್ಲ ನಮ್ಮ ಕಡೆ ಆಡಿಟರ್ ಎಂದೇ ಕರೆಯುವುದು. ಮೂರು ವರ್ಷ ಅವರ ಬಿಲ್ಲಿನ ಕಟ್ಟುಗಳು ಯಜಮಾನರ ಸೈಕಲ್ಲಿನ ಹಿಂದೆ ಕೂತು ನಮ್ಮ ಮನೆಗೆ ಬರುತ್ತಿದ್ದವು. ಮಕ್ಕಳು ಶಾಲೆಗೆ ಹೋದ ಮೇಲೆ ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲಿ ಕೂತು ನಾನು ರಿಟರ್ನ್ ಬರೆಯುತ್ತಿದ್ದೆ, ಆಡಿಟರು ಸಹಿ ಹಾಕುತ್ತಿದ್ದರು. ಆ ವರ್ಷ ಅವರು ಮಗಳ ಜೊತೆ ಇರಲು ಮೈಸೂರಿಗೆ ಹೊರಟರು. ಹೋಗುವಾಗ ತಮ್ಮ ಪಾರ್ಟಿಗಳಿಗೆ, ಅಂದರೆ ಲೆಕ್ಕ ಬರೆಸುತ್ತಿದ್ದ ವ್ಯಾಪಾರಿಗಳಿಗೆ, "ಇನ್ನು ಮೇಲೆ ಮೇಷ್ಟ್ರ ಮನೆಯಲ್ಲಿ ಕೇಳಿ, ಇಷ್ಟು ದಿನ ಬರೀತಿದ್ದದ್ದೂ ಆಯಮ್ಮನೇ" ಎಂದು ಹೇಳಿ ಹೋದರಂತೆ. ಅದನ್ನು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಟೈಲರು ಆಷಾಢದಾಗೆ ಮೆಷಿನ್ ಇಡಲ್ಲ ಅಂದವ್ನೆ" ಎಂದರು ಅತ್ತೆ. "ಶ್ರಾವಣ ಹುಟ್ಟಿದ ಮ್ಯಾಲೆ ಬತ್ತಾನೆ. ಅಲ್ಲೀ ತಂಕ ಕೋಣೆ ಖಾಲಿನೇ ಐತೆ, ಕೂತ್ಕೊ. ಭೀಮನ ಅಮಾಸೆ ಒಳಗೆ ನಾಕು ಪಾರ್ಟಿ ಆದ್ರೆ ಕೋಣೆ ನಿಂದು. ಮೂರೇ ಆದ್ರೆ ಟೈಲರಿಂದು. ಆಮೇಲೆ ಅಳಬ್ಯಾಡ."

"ಅಳಲ್ಲ ಅತ್ತೆ" ಎಂದೆ. ಅಷ್ಟು ಹೇಳುವಾಗಲೇ ಯಾವ ಮೂಲೆಗೆ ಮೇಜು, ಯಾವ ಗೋಡೆಗೆ ಬೆಂಚು ಎಂದು ಮನಸ್ಸಿನಲ್ಲಿ ಜೋಡಿಸಿಯಾಗಿತ್ತು.

ಮೇಜು ಬಂತು, ಬೆಂಚು ಬಂತು. ಆಮೇಲೆ ನೋಡಿದರೆ ನನಗೆ ಮುಖ್ಯವಾದದ್ದೇ ಗೊತ್ತಿರಲಿಲ್ಲ: ಫೀಸು ಎಷ್ಟು ಕೇಳುವುದು? ಮೂರು ವರ್ಷ ಆ ವ್ಯಾಪಾರಿಗಳ ಒಂದೊಂದು ಬಿಲ್ಲನ್ನೂ ಕೂಡಿ ಕಳೆದಿದ್ದೆ. ಆದರೆ ಆಡಿಟರು ಯಾರಿಂದ ಎಷ್ಟು ತೆಗೆದುಕೊಳ್ಳುತ್ತಿದ್ದರು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರು ಫೀಸು ಮಾತಾಡುತ್ತಿದ್ದದ್ದು ಮಂಡಿಯ ರೀತಿಯಲ್ಲಿ. ಮಂಡಿಯಲ್ಲಿ ಕೊಬ್ಬರಿ ಮಾರುವವನೂ ಕೊಳ್ಳುವವನೂ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಒತ್ತುತ್ತಾರೆ, ಎಳೆಯುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ದರ ಆ ಇಬ್ಬರಿಗಷ್ಟೇ ಗೊತ್ತು.

ನಾನು ಹೊಸ ಕಾಲದವಳು, ಓದಿದವಳು. ಎಲ್ಲ ಬೆಳಕಿನಲ್ಲಿರಲಿ ಎಂದುಕೊಂಡೆ. ಯಜಮಾನರ ಕೈಯಲ್ಲಿ ದಪ್ಪ ರಟ್ಟಿನ ಮೇಲೆ ದುಂಡಗೆ ಬರೆಸಿದೆ. ವರ್ಷದ ವ್ಯಾಪಾರ ಐವತ್ತು ಸಾವಿರದೊಳಗಾದರೆ ಅರವತ್ತು ರೂಪಾಯಿ, ಲಕ್ಷದೊಳಗಾದರೆ ನೂರು, ಅದಕ್ಕೂ ಮೇಲೆ ಇನ್ನೂರು. ಅದನ್ನು ಬೆಂಚಿನ ಎದುರು ಗೋಡೆಗೆ ತೂಗುಹಾಕಿ, ಬಾಗಿಲ ಹೊರಗೆ ನಿಂತು ಮೂರು ಸಲ ನೋಡಿದೆ. ಅಲ್ಲಿಂದಲೂ ಓದಬಹುದಾಗಿತ್ತು. ಎಂಥ ಖುಷಿ!

ಮೊದಲ ದಿನ ಬಂದವರಲ್ಲಿ ಒಬ್ಬರು ಶೆಟ್ಟಿಕೆರೆ ಕಡೆಯ ವ್ಯಾಪಾರಿ. ಹೆಗಲ ಮೇಲೆ ಹಸಿರು ಟವೆಲು, ಹಣೆಯ ಮೇಲೆ ಮೂರು ಬೆರಳ ವಿಭೂತಿ. ಬೆಂಚಿನ ಮೇಲೆ ಆಗಲೇ ಇನ್ನಿಬ್ಬರು ಕೂತಿದ್ದರು. ಇವರೂ ಕೂತು ರಟ್ಟು ಓದಿದರು. ಪಕ್ಕದವರ ಮುಖ ನೋಡಿದರು. ಪಕ್ಕದವರು ಇವರ ಮುಖ ನೋಡಿದರು. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಕಂಕುಳಿನ ಕಾಗದದ ಕಟ್ಟನ್ನು ಬಿಚ್ಚದೆಯೇ ಎದ್ದರು.

"ಮಜ್ಜಿಗೆ ಬೋ ಪಸಂದಾಗಿತ್ತು ಮೇಷ್ಟ್ರಮ್ಮ. ಬತ್ತೀನಿ."

ಅವರ ಹಿಂದೆಯೇ ಇನ್ನಿಬ್ಬರೂ ಎದ್ದರು. ಹತ್ತು ದಿನದಲ್ಲಿ ಹೀಗೆ ಏಳೆಂಟು ಲೋಟ ಮಜ್ಜಿಗೆ ಖರ್ಚಾಯಿತೇ ಹೊರತು ಒಂದು ಕಟ್ಟೂ ಬಿಚ್ಚಲಿಲ್ಲ. ಫೀಸು ಜಾಸ್ತಿಯಾಯಿತೆಂದು ನಾನು ಇನ್ನೂರನ್ನು ಹೊಡೆದು ನೂರೈವತ್ತು ಮಾಡಿದೆ. ಆಮೇಲೆ ಮಜ್ಜಿಗೆಗೂ ಯಾರೂ ಬರಲಿಲ್ಲ.

ಕಾರಣ ತಂದವರು ಅತ್ತೆ. ರಾಗಿ ಬೀಸಿಸಲು ಮಿಲ್ಲಿಗೆ ಹೋದವರು ತಲೆಯ ಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ನೇರ ಕೋಣೆಗೆ ಬಂದರು.

"ಲೇ, ಅವ್ರು ಫೀಸಿಗೆ ಹೆದರ್ಕಂಡು ಓಡೋಗಿಲ್ಲ ಕಣೇ. ಹಸಿರು ಟವೆಲಿನೋರ ಹೆಂಡ್ತಿ ಮಿಲ್ಲಿನಾಗೆ ಸಿಕ್ಕಿದ್ಲು. ಬೆಂಚಿನ ಮ್ಯಾಲೆ ಕೂತೋನು ಇನ್ನೂರು ಎಣಿಸಿ ಕೊಟ್ರೆ ಇವನ ವ್ಯಾಪಾರ ಲಕ್ಷ ದಾಟ್ತು ಅಂತ ಪಕ್ಕದೋನಿಗೆ ಗೊತ್ತಾಯ್ತದೆ. ಅರವತ್ತು ಕೊಟ್ರೆ ಇವನು ಬಿದ್ದೋದ ಅಂತ ಗೊತ್ತಾಯ್ತದೆ. ಹೆಚ್ಚು ಕೊಟ್ರೆ ಸಾಲ ಕೇಳೋಕೆ ಬತ್ತಾರೆ, ಕಮ್ಮಿ ಕೊಟ್ರೆ ಹೆಣ್ಣು ಕೊಡಲ್ಲ. ನೀನು ಗೋಡೆ ಮ್ಯಾಲೆ ತೂಗಾಕಿರೋದು ಫೀಸಲ್ಲ, ಅವರ ಜಾತಕ!"

ಮಂಡಿಯ ಊರಿನಲ್ಲಿ ಹದಿನಾಲ್ಕು ವರ್ಷ ಬಾಳಿ, ಅವರ ಬಿಲ್ಲುಗಳನ್ನೆಲ್ಲ ಓದಿ, ಇಷ್ಟು ತಿಳಿಯಲಿಲ್ಲವಲ್ಲ! ಕುರ್ಚಿ ಹತ್ತಿ ರಟ್ಟು ಇಳಿಸಿದೆ. ಅತ್ತೆ ಅದನ್ನು ಹಿಟ್ಟಿನ ಡಬ್ಬದ ಮೇಲೆ ಮುಚ್ಚಳವಾಗಿಟ್ಟರು. ಭೀಮನ ಅಮಾವಾಸ್ಯೆಗೆ ಒಂಬತ್ತು ದಿನ ಉಳಿದಿತ್ತು.

ರಟ್ಟು ಇಳಿದ ಸುದ್ದಿ ಮಿಲ್ಲಿನ ದಾರಿಯಲ್ಲೇ ವಾಪಸು ಹೋಗಿರಬೇಕು. ಎರಡನೆಯ ದಿನ ಹಸಿರು ಟವೆಲಿನವರು ಮತ್ತೆ ಬಂದರು. ಬೆಂಚಿನ ತುದಿಯಲ್ಲಿ ಇನ್ನೊಬ್ಬರು, ಏನಾಗುತ್ತದೋ ನೋಡಿಕೊಂಡು ಹೋಗೋಣ ಎಂಬಂತೆ ಕೂತಿದ್ದರು. ಈ ಸಲ ಕಟ್ಟು ಬಿಚ್ಚಿತು. ನಾನು ಬಿಲ್ಲುಗಳನ್ನು ತಿರುವಿ ಹಾಕಿದೆ. ನನಗೆ ಗುರುತಿದ್ದ ಲೆಕ್ಕವೇ. ದೆಹಲಿಗೆ ಹೋದ ಲೋಡುಗಳು, ಲಾರಿ ಬಾಡಿಗೆ, ಗೋಣಿಚೀಲದ ಖರ್ಚು.

"ಆಯ್ತು, ಬರೆದುಕೊಡ್ತೀನಿ" ಎಂದೆ. "ಫೀಸು..."

ಆ ಮಾತು ಬಂದದ್ದೇ ತಡ, ಅವರ ಕೈ ತಾನಾಗಿ ಹೆಗಲಿಗೆ ಹೋಯಿತು. ಟವೆಲು ಎಳೆದು ಬಲಗೈ ಮೇಲೆ ಹರಡಿಕೊಂಡು ನನ್ನ ಕಡೆ ಚಾಚಿದರು. ಚಾಚಿದ ಮೇಲೆ ಎದುರಿಗೆ ಕೂತಿರುವುದು ಹೆಂಗಸು ಎಂದು ನೆನಪಾಯಿತು. ಪರರ ಹೆಂಡತಿಯ ಕೈ ಹಿಡಿಯುವುದೆಲ್ಲಿಂದ ಬಂತು! ಕೈ ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ ಮೇಜಿನ ಮೇಲೆ ನಿಂತುಬಿಟ್ಟಿತು. ಅವರ ವಿಭೂತಿ ಬೆವರಿನಲ್ಲಿ ಇಳಿಯತೊಡಗಿತು. ನಾನೂ ಮೇಜಿನ ಕೆಳಗೆ ಕೈ ಬಚ್ಚಿಟ್ಟುಕೊಂಡೆ.

"ಶಿವ ಶಿವಾ" ಎಂದರು ಅವರು. "ತಪ್ಪು ತಿಳ್ಕೋಬ್ಯಾಡಿ ತಾಯಿ. ಮಂಡಿ ಅಭ್ಯಾಸ."

ಬೆಂಚಿನ ತುದಿಯವರು ಕಿಸಕ್ಕೆಂದರು. "ಹೇಳ್ಬುಡಿ ಯಜಮಾನ್ರೇ ಬಾಯಾಗೆ, ನಾನು ಕಿವಿ ಮುಚ್ಕತೀನಿ."

"ನೀನು ಕಿವಿ ಮುಚ್ಚಿ ಕಣ್ಣಾಗೆ ಕೇಳಿಸ್ಕೊಳೋನು. ಸುಮ್ಕಿರಲಾ!"

ಒಳಗಿನಿಂದ ಬಳೆಯ ಸದ್ದಾಯಿತು. ಅತ್ತೆ ಬಂದರು. ಅವರ ಕೈಯಲ್ಲಿ ಅಳಗುಳಿ ಮಣೆ. ಮಧ್ಯಾಹ್ನದ ಹೊತ್ತು ಅವರೂ ನನ್ನ ಮಗಳೂ ಆಡುತ್ತಿದ್ದ, ಎರಡು ಸಾಲು ಗುಳಿಗಳಿದ್ದ ಹಳೆಯ ಹಲಸಿನ ಮಣೆ. ಅದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಹುಣಸೆಬೀಜದ ಡಬ್ಬಿ ಇಟ್ಟರು.

"ಕೈ ಯಾಕ್ರಪ್ಪ? ಮಣೆ ಇಲ್ವಾ? ಈ ಮೂಲೆ ಗುಳಿ ನೂರು, ಅದರ ಪಕ್ಕದ್ದು ಹತ್ತು. ಮ್ಯಾಲೆ ಟವೆಲು ಮುಚ್ಚಿ. ನೀವು ಬೀಜ ಹಾಕಿ ಕೈ ತಗೀರಿ, ಅವಳು ಕೈ ಇಟ್ಟು ನೋಡ್ತಾಳೆ. ಸಾಲದಿದ್ರೆ ಹಾಕ್ತಾಳೆ, ನಿಮಗೆ ಭಾರ ಆದ್ರೆ ತಗೀರಿ."

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. ಹಸಿರು ಟವೆಲು ಮಣೆಯ ಮೇಲೆ ಹರಡಿತು. ಅವರ ಕೈ ಡಬ್ಬಿಯಿಂದ ಬೀಜ ತೆಗೆದುಕೊಂಡು ಒಳಹೊಕ್ಕಿತು. ಟಕ್, ಟಕ್ ಎಂದು ಮರಕ್ಕೆ ಬೀಜ ತಗಲಿದ ಸದ್ದು. ಕೈ ಹೊರಬಂತು.

ನಾನು ಕೈಯಿಟ್ಟೆ. ಮೂಲೆಯ ಗುಳಿ ಖಾಲಿ. ಪಕ್ಕದ ಗುಳಿಯಲ್ಲಿದ್ದುದನ್ನು ಬೆರಳಲ್ಲಿ ಎಣಿಸಿದೆ. ಇಡೀ ಜನ್ಮದಲ್ಲಿ ನನ್ನ ಕೆಲಸಕ್ಕೆ ಇಷ್ಟು ಎಂದು ಯಾರಾದರೂ ನನಗೇ ಹೇಳಿದ್ದು ಅದೇ ಮೊದಲು, ಅದೂ ಹುಣಸೆಬೀಜದ ಭಾಷೆಯಲ್ಲಿ. ತಕ್ಷಣ ಒಪ್ಪಿಬಿಡೋಣ ಎನ್ನಿಸಿತು. ಆದರೆ ಆ ಗೋಣಿಚೀಲದ ಖರ್ಚನ್ನು ಹೊಂದಿಸುವುದರಲ್ಲಿ ಹಿಂದಿನ ವರ್ಷ ನಾಲ್ಕು ದಿನ ಕಳೆದದ್ದು ನೆನಪಾಯಿತು. ಇನ್ನಷ್ಟು ಬೀಜ ಹಾಕಿದೆ.

ಅವರು ಮುಟ್ಟಿ ನೋಡಿ, "ಅಯ್ಯಯ್ಯೋ!" ಎಂದು ಬಿಸಿ ತಾಗಿದವರಂತೆ ಕೈ ತೆಗೆದರು. ಎರಡು ಬೀಜ ಈಚೆ ಬಂದವು. ನಾನು ಒಂದನ್ನು ವಾಪಸು ಹಾಕಿದೆ. ಅವರು ಅದನ್ನು ಮುಟ್ಟಿದರು, ಚಾವಣಿ ನೋಡಿದರು, ತಲೆಯಾಡಿಸಿದರು. ಬೆಂಚಿನ ತುದಿಯವರು ಅಷ್ಟು ಹೊತ್ತಿಗೆ ಎದ್ದು ಬಂದು ಮೇಜಿನ ಹತ್ತಿರವೇ ನಿಂತಿದ್ದರು. ಅವರಿಗೆ ಕಂಡದ್ದು ಟವೆಲು ಮಾತ್ರ. ಶಾಲೆಯಿಂದ ಬಂದ ಯಜಮಾನರು ಸೈಕಲ್ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, "ಅವ್ವ, ಏನು ನಡೀತಿದೆ ಇಲ್ಲಿ?" ಎಂದರು.

"ಆಫೀಸು" ಎಂದರು ಅತ್ತೆ.

ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆ ಮೆಲ್ಲಗೆ ಕೇಳಿದರು. "ಎಷ್ಟಕ್ಕೆ ಮುಗೀತೇ?"

"ಹೇಳೋ ಹಾಗಿಲ್ಲ ಅತ್ತೆ."

ಅವರು ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದರು.

ಬೆಂಚಿನ ತುದಿಯಲ್ಲಿ ಕೂತಿದ್ದವರೇ ಮಾರನೆಯ ದಿನ ಎರಡನೆಯ ಪಾರ್ಟಿಯಾದರು. ಮೂರನೆಯವರು ತುರುವೇಕೆರೆಯಿಂದ ಬಸ್ಸಿನಲ್ಲಿ ಬಂದರು, ಮಣೆಯನ್ನು ನೋಡಲಿಕ್ಕೆಂದೇ ಬಂದೆ ಎಂದೂ ಹೇಳಿದರು. ನಾನು ಬೆಳಿಗ್ಗೆ ಎದ್ದ ಕೂಡಲೇ ಬೀಜಗಳನ್ನು ಒರೆಸಿ ಡಬ್ಬಿಗೆ ತುಂಬುತ್ತಿದ್ದೆ. ಆದರೆ ನಾಲ್ಕನೆಯವರು ಬರಲಿಲ್ಲ. ದಿನಗಳು ಒಂದೊಂದಾಗಿ ಕಳೆದು ಅಮಾವಾಸ್ಯೆಯ ಹಿಂದಿನ ದಿನ ಬಂತು. ಅಮಾವಾಸ್ಯೆಯ ದಿನ ಪೂಜೆ ಬಿಟ್ಟು ಯಾರೂ ಲೆಕ್ಕದ ಕಟ್ಟು ಹಿಡಿದು ಬರುವವರಲ್ಲ. ಮಧ್ಯಾಹ್ನಕ್ಕೆ ಟೈಲರ್ ಬಂದು ಜಗುಲಿಯ ಮೇಲೆ ಕೂತ, ಕೊರಳಲ್ಲಿ ಟೇಪು ಹಾಕಿಕೊಂಡೇ.

ಮೂರು ಗಂಟೆಯ ಹೊತ್ತಿಗೆ ಕಂದಿಕೆರೆ ಕಡೆಯ ದೊಡ್ಡ ವ್ಯಾಪಾರಿಯೊಬ್ಬರು ಬಂದರು. ಅವರ ಕಟ್ಟು ಉಳಿದ ಮೂವರ ಕಟ್ಟು ಸೇರಿಸಿದಷ್ಟು ದಪ್ಪ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಅವರು ಕೂತವರೇ ದನಿ ತಗ್ಗಿಸಿದರು.

"ನೋಡಿ ಮೇಷ್ಟ್ರಮ್ಮ, ಹನ್ನೊಂದು ಲೋಡು ಹೋಗೈತೆ. ಏಳು ಅಂತ ಬರ್ದುಬುಡಿ. ಫೀಸಿನ ಇಚಾರ ನಂಗೆ ಬುಡಿ."

ನಾನು ಉತ್ತರ ಹೇಳುವ ಮೊದಲೇ ಅವರ ಟವೆಲು ಮಣೆ ಮುಚ್ಚಿತ್ತು. ಟಕ್ ಟಕ್ ಸದ್ದು ನಿಲ್ಲಲೇ ಇಲ್ಲ. ಅವರು ಕೈ ತೆಗೆದ ಮೇಲೆ ನಾನು ಕೈಯಿಟ್ಟೆ. ಮೂಲೆಯ ಗುಳಿಯಲ್ಲಿ ಬೀಜಗಳು ಒಂದರ ಮೇಲೊಂದು ಏರಿದ್ದವು. ನೂರರ ಗುಳಿ! ಜಗುಲಿಯಲ್ಲಿ ಟೈಲರ್ ಕೆಮ್ಮಿದ. ಒಪ್ಪಿದರೆ ಕೋಣೆ ನನ್ನದು, ಈ ಮೇಜು ನನ್ನದು, ಹೊಸ್ತಿಲ ಪಕ್ಕ ಮತ್ತೆಂದೂ ಕೂರಬೇಕಿಲ್ಲ. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟುಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ, ಆಸೆಯಾಯಿತು.

ಆಮೇಲೆ ಒಂದೊಂದೇ ಬೀಜ ತೆಗೆದು ಮುಷ್ಟಿಯಲ್ಲಿ ಹಿಡಿದು ಡಬ್ಬಿಗೆ ಸುರಿದೆ.

ಅವರು ಟವೆಲಿನ ಕೆಳಗೆ ಕೈಯಾಡಿಸಿದರು. ಒಂದು ಗುಳಿ, ಇನ್ನೊಂದು ಗುಳಿ, ಕೊನೆಗೆ ಎರಡೂ ಸಾಲನ್ನು ತಡವಿ ನೋಡಿದರು.

"ಏನಮ್ಮಾ ಇದು, ಮಣೆನೇ ಖಾಲಿ!"

"ಹನ್ನೊಂದು ಬರೆಯೋದಾದ್ರೆ ಮತ್ತೆ ಬೀಜ ಹಾಕಿ ಯಜಮಾನ್ರೇ, ಇದರಲ್ಲಿ ಅರ್ಧ ಹಾಕಿದ್ರೂ ಸಾಕು. ಏಳು ಬರೆಯೋದಕ್ಕೆ ನನ್ನ ಹತ್ರ ದರ ಇಲ್ಲ."

"ಹೊಸದಾಗಿ ಕೂತೋರು ಇಷ್ಟು ಬಿಗಿ ಇರಬಾರ್ದು ಕಣಮ್ಮ" ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು. ಮಜ್ಜಿಗೆ ಹಾಗೇ ಉಳಿಯಿತು.

ಟೈಲರ್ ಒಳಗೆ ಇಣುಕಿ, ಪಾಪ, ಮರ್ಯಾದೆಯಿಂದಲೇ ಕೇಳಿದ. "ಅಮ್ಮಾ, ಹಂಗಾದ್ರೆ ಸೋಮವಾರ ಮೆಷಿನ್ ತರ್ಲಾ?"

ಅತ್ತೆ ನಡುಬಾಗಿಲಲ್ಲಿ ನಿಂತಿದ್ದರು. ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ! ಬಂದು ಪಾರ್ಟಿಗಳು ಕೂರುವ ಬೆಂಚಿನ ಮೇಲೆ ನನ್ನ ಎದುರಿಗೆ ಕೂತು, ಸೀರೆ ಸರಿಮಾಡಿಕೊಂಡರು.

"ನನ್ನ ತೋಟದ ಲೆಕ್ಕ ಬರಿ."

"ನಿಮ್ಮ ಅಷ್ಟು ತೋಟಕ್ಕೆಲ್ಲ ಟ್ಯಾಕ್ಸ್ ಬರಲ್ಲ ಅತ್ತೆ."

"ಬರದಿದ್ರೆ ಬರಲ್ಲ ಅಂತಲೇ ಬರಿ. ಸರ್ಕಾರ ಕೇಳದಿದ್ರೂ ನಂಗೆ ಬೇಕು. ಎಷ್ಟು ಕಾಯಿ ಒಣಗೋಕೆ ಅಟ್ಟಕ್ಕೆ ಹೋಯ್ತು, ಎಷ್ಟು ಕೊಬ್ಬರಿ ಆಯ್ತು, ನನ್ನ ತಮ್ಮ ನಂಗೆ ಎಷ್ಟು ಕಮ್ಮಿ ಹೇಳ್ತಾವ್ನೆ, ಎಲ್ಲಾ ಬರಿ." ಡಬ್ಬಿಗೆ ಕೈಹಾಕಿ, ಸೆರಗನ್ನು ಮಣೆಯ ಮೇಲೆ ಹೊದಿಸಿದರು. ಟಕ್ ಎಂದು ಒಂದೇ ಒಂದು ಸದ್ದಾಯಿತು. "ನೋಡು, ಸಾಕಾ?"

ನಾನು ಸೆರಗಿನ ಕೆಳಗೆ ಕೈಯಿಟ್ಟು ಹುಡುಕಿದೆ. ಒಂದು ಬೀಜ ಸಿಕ್ಕಿತು. ಅದು ಯಾವ ಗುಳಿಯಲ್ಲಿತ್ತು ಎಂದು ಇಲ್ಲಿ ಬರೆಯುವಂತಿಲ್ಲ.

"ಸಾಕು ಅತ್ತೆ" ಎಂದೆ. ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

"ಅಳಲ್ಲ ಅಂದಿದ್ದೆ" ಎಂದು ಗದರಿಸಿ, ಬಾಗಿಲ ಕಡೆ ತಿರುಗಿದರು. "ಬೇರೆ ಕೋಣೆ ನೋಡ್ಕೊಳಪ್ಪ. ನಾಕನೇದು ಆಯ್ತು."