ಪೇಪರ್ ಓದಿ ಹೇಳುತ್ತಿದ್ದ ಅಯ್ನೋರು

ನಮ್ಮ ಯಜಮಾನರು ತೀರಿಕೊಂಡ ಮಾರನೆಯ ವರ್ಷ, ತೊಂಬತ್ತಾರರ ನಾಟಿ ಕಾಲ. ಗದ್ದೆಯಲ್ಲಿ ಬಗ್ಗಿ ಪೈರು ನೆಡುತ್ತಿದ್ದಾಗ ಪಕ್ಕದಲ್ಲಿದ್ದ ಶಿವನಂಜಮ್ಮ ಹೇಳಿದಳು:

“ಭೇರ್ಯದಿಂದ ಒಬ್ರು ಅಯ್ನೋರು ಸೈಕಲ್ ಮೇಲೆ ಬತ್ತಾವ್ರೆ ಕಣೆ ಸುಂದ್ರಿ. ಲೈಬ್ರರಿಯೋರಂತೆ. ಓದೋಕೆ ಬರ್ದೇ ಇರೋರ್ಗೆ ಪೇಪರ್ ಓದಿ ಯೋಳ್ತಾರೆ.”

“ಸುಮ್ಕೆ ಓದ್ತಾರಾ, ಏನಾರ ಇಸ್ಕತಾರಾ?”

“ಕಿವಿ ಕೊಟ್ರೆ ಸಾಕಂತೆ. ನಿಂಗೆ ಬಾಯಿ ಒಂದೇ ಅಲ್ವಾ ಇರೋದು.”

ಅವರೇ ವೀರಭದ್ರಸ್ವಾಮಿಗಳು. ಆಗ ನಮ್ಮೂರ ಲೈಬ್ರರಿ ಅಂದರೆ ಕೆಂಪಯ್ಯನ ಮನೆಯ ಜಗಲಿ, ಒಂದು ಮರದ ಬೀರು, ಎರಡು ಚಾಪೆ. ಸಂಜೆ ಗದ್ದೆಯಿಂದ ಬಂದವರು ಕೆಸರುಗಾಲಲ್ಲೇ ಕೂತು ಹೊಗೆಸೊಪ್ಪಿನ ಹರಾಜಿನ ರೇಟು ಕೇಳುವರು. ಕೆಂಪಯ್ಯನಿಗೆ ಅಕ್ಷರ ಬಾರದು, ಪ್ರಶ್ನೆ ಮಾತ್ರ ಅವನದೇ ಹೆಚ್ಚು. “ಅದ್ನ ಇನ್ನೊಂದ್ ಕಿತ ಓದಿ ಅಯ್ನೋರೆ, ಬರ್ದೋನು ಸುಳ್ಳು ಬರ್ದವ್ನೆ” ಎನ್ನುವನು. ಅಯ್ನೋರು ನಕ್ಕು ಮತ್ತೆ ಓದುವರು. ಪಂಚಾಯಿತಿಗೆ ಹೇಳಿ ನನ್ನನ್ನು ಲೈಬ್ರರಿ ಗುಡಿಸುವ ಕೆಲಸಕ್ಕೆ ಹಾಕಿಸಿದವರೂ ಅವರೇ.

ಜಗಲಿ ಮಳೆಗೆ ಸೋರುತ್ತಿತ್ತು. ಈ ಜನ ನೆನೆಯದ ಹಾಗೆ ಕೂರಲು ಒಂದು ಜಾಗ ಬೇಕೆಂದು ಅಯ್ನೋರು ಏಳು ವರ್ಷ ಕೆ.ಆರ್. ನಗರಕ್ಕೂ ಮೈಸೂರಿಗೂ ಅಲೆದರು. ಎರಡು ಸಾವಿರದ ಮೂರರಲ್ಲಿ ರಸ್ತೆ ಬದಿಗೆ ಹೊಸ ಕಟ್ಟಡ ಎದ್ದಿತು. ನುಣ್ಣನೆ ಕೆಂಪು ನೆಲ, ಕಿಟಕಿಗೆಲ್ಲ ಗಾಜು. ಊರವರು ಹೊಸ ಮನೆಗೆ ಮಾಡುವಂತೆಯೇ ಹಾಲುಕ್ಕಿಸಿದರು, ಹೊಸ್ತಿಲಿಗೆ ಅರಿಶಿನ ಬಳಿದು ಒಳಗೆ ಸರಸ್ವತಿ ಫೋಟೊ ಇಟ್ಟರು. ಅಂದಿನಿಂದ ನನಗೆ ಅದು ದೇವರಮನೆ. ದಿನಕ್ಕೆ ಎರಡು ಸಲ ನೆಲ ಒರೆಸಿ ಬಾಗಿಲಿಗೆ ರಂಗೋಲಿ ಬಿಡುತ್ತಿದ್ದೆ.

ಒಂದು ಸಂಜೆ ಕೆಂಪಯ್ಯ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ.

“ಇದು ನಿನ್ನ ಕೊಟ್ಗೆ ಅಲ್ಲ ಕಣಣ್ಣ, ಕಾಲ್ ತೊಳ್ಕಂಡ್ ಬಾ” ಎಂದುಬಿಟ್ಟೆ, ನಾಲ್ಕು ಜನರೆದುರಿಗೆ.

“ಸರಿ ಕಣವ್ವ. ನಿನ್ನ ನೆಲ ನೀನೇ ಮಡಿಕ್ಕೊ” ಎಂದು ಹೆಗಲ ಟವಲು ಕೊಡವಿಕೊಂಡು ಹೋದ.

ಮತ್ತೆ ಬರಲಿಲ್ಲ. ಅವನ ಜೊತೆಯವರೂ ಒಬ್ಬೊಬ್ಬರೇ ಟೀ ಅಂಗಡಿ ಕಡೆ ಸರಿದರು. ಹೆಂಗಸರು ಹೊಸ್ತಿಲಾಚೆಯಿಂದಲೇ ಸರಸ್ವತಿಗೆ ಕೈಮುಗಿದು ಹೋಗುವರು. ಬಸ್ಸಿನ ಕಂಡಕ್ಟರು ಮಾತ್ರ “ಲೈಬ್ರರಿ ಯಾರ್ರೀ, ಇಳೀರಿ” ಎಂದು ಕೂಗುತ್ತಿದ್ದ. ಇಳಿದವರು ಮನೆ ದಾರಿ ಹಿಡಿಯುತ್ತಿದ್ದರು.

ಅಯ್ನೋರು ನನ್ನನ್ನು ಬೈಯಲಿಲ್ಲ. ಪೇಪರ್ ಬಿಡಿಸಿಕೊಂಡು ಖಾಲಿ ಬೆಂಚುಗಳ ಎದುರು ಕೂರುವರು.

“ಎಷ್ಟ್ ಚೊಕ್ಕಟವಾಗೈತೆ ನೋಡಿ ಅಯ್ನೋರೆ” ಎಂದೆ ಒಂದು ದಿನ.

“ಹೂಂ ಕಣಮ್ಮ, ಗಲೀಜು ಮಾಡೋಕೆ ಯಾರವ್ರೆ” ಎಂದರು. ನಾನದನ್ನು ಹೊಗಳಿಕೆ ಅಂದುಕೊಂಡು ಸಂಜೆ ಇನ್ನೊಂದು ಸಲ ಒರೆಸಿದೆ.

ಕಟ್ಟಡ ಎದ್ದ ಮೂರನೆಯ ವರ್ಷ ಅವರ ಗಂಟಲಲ್ಲಿ ಗೆಡ್ಡೆ ಎದ್ದಿತು. ಊರಿಗೆಲ್ಲ ಓದಿ ಹೇಳಿದ ದನಿ ಉಡುಗಿಹೋಯಿತು. ಭೇರ್ಯದ ಅವರ ಮನೆಗೆ ಹೋದಾಗ ಮಂಚದ ಮೇಲೆ ಬಗ್ಗಿ ಕೇಳಬೇಕಾಯಿತು. ಅವರು ಹೇಳಿದ ಕೆಲಸಕ್ಕೆಂದು ಎರಡು ಸಲ ಕೆಂಪಯ್ಯನ ಬೀದಿ ತಿರುವಿನವರೆಗೆ ಹೋದೆ. ಎರಡು ಸಲವೂ ಅವನು ಜಗಲಿಯಲ್ಲೇ ಇದ್ದ. ಅಂದು ನಾಲ್ಕು ಜನರೆದುರಿಗೆ ಅಷ್ಟು ಸಲೀಸಾಗಿ ಬಂದಿದ್ದ ಮಾತು ಈಗ ಹೊರಡಲಿಲ್ಲ, ವಾಪಸಾದೆ. ಮೂರನೆಯ ಸಲ ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಅಯ್ನೋರು ಹೋಗಿಬಿಟ್ಟಿದ್ದರು. ಅವರು ಕೇಳಿದ್ದು ದೊಡ್ಡದೇನೂ ಅಲ್ಲ:

“ಸುಂದ್ರಮ್ಮ, ಕೆಂಪಯ್ಯನ್ನ ನೀನೇ ಹೋಗಿ ಕರಿಯಮ್ಮ. ಕಾಲ್ ತೊಳ್ಕಂಡ್ ಬಾ ಅನ್ಬೇಡ.”