ಜರಿಯಂಚಿನ ಮಾಸ್ಕ್

ಆಲೆಟ್ಟಿಯ ದುಗ್ಗಮ್ಮನ ಮೂಗು ಬಾತುಕೊಂಡ ಮೇಲೆ ಊರಿನವರಿಗೆ ಒಂದು ಹೊಸ ಅಭ್ಯಾಸ ಬಂತು. ಮಾತಾಡುವಾಗ ಅವಳ ಮುಖ ಬಿಟ್ಟು ಕಿವಿಯೋಲೆ ನೋಡುವುದು. ನೋವಿಲ್ಲ, ಜ್ವರವಿಲ್ಲ, ಮೂಗು, ಮೇಲ್ದುಟಿ ಗಟ್ಟಿಯಾಗಿ ಊದಿ ಮುಖವೇ ಬೇರೆ ಯಾರದೋ ಆದಂತಿತ್ತು. ನಾಗನ ಮುನಿಸು ಎಂದರು ಕೆಲವರು. ದುಗ್ಗಮ್ಮ ನಾಗನಿಗೆ ತಂಬಿಲದ ಪೂಜೆಯನ್ನೂ ಮಾಡಿಸಿದಳು, ಮಂಗಳೂರಿನ ಆಸ್ಪತ್ರೆಗೂ ಹೋದಳು.

ಡಾಕ್ಟರು ಮೂಗಿನೊಳಗಿಂದ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಿದರು. ಕೊಳೆತ ತರಗೆಲೆಯಲ್ಲಿರುವ ಅಪರೂಪದ ಶಿಲೀಂಧ್ರವೊಂದು ಮೂಗಿನೊಳಗೆ ಹೊಕ್ಕು ಬೇರು ಬಿಟ್ಟಿದೆ, ಮಾತ್ರೆಯಲ್ಲಿ ಗುಣವಾಗುತ್ತದೆ, ಆದರೆ ತಿಂಗಳುಗಟ್ಟಲೆ ನುಂಗಬೇಕು ಎಂದರು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದೂ ಹೇಳಿದರು. ದನದ ಹಟ್ಟಿಗೆ ಹಾಸಲು ವರ್ಷವೂ ಗುಡ್ಡೆಯಿಂದ ತರಗೆಲೆ ಗುಡಿಸಿ ತರುತ್ತಿದ್ದವಳು ಅವಳೇ. ಹರಡುವುದಿಲ್ಲ ಎಂಬುದನ್ನು ಊರಿಡೀ ಹೇಳಿಕೊಂಡು ಬಂದಳು. ಎಲ್ಲರೂ ತಲೆಯಾಡಿಸಿದರು, ಅವಳ ಮನೆಯ ಚಾ ಮಾತ್ರ ಯಾರಿಗೂ ಬೇಡವಾಯಿತು.

ಊತ ಇಳಿಯುವ ಮೊದಲೇ ಮಗಳು ಸುಪ್ರಿತಾಳ ಮದುವೆಯ ದಿನ ಹತ್ತಿರ ಬಂತು. ದುಗ್ಗಮ್ಮನ ಗಂಡ ಅಚ್ಚುತನ ಅಕ್ಕ ಸೀತು ಮುನ್ನಾದಿನವೇ ಬಂದು, ಚೀಲದಿಂದ ಒಂದು ಮಾಸ್ಕ್ ತೆಗೆದಳು. ದುಗ್ಗಮ್ಮನ ಸೀರೆಯ ರವಕೆ ಬಟ್ಟೆಯಲ್ಲೇ ಹೊಲಿಸಿದ್ದು, ಜರಿಯಂಚು ಸಮೇತ! ಗಂಡಿನ ಕಡೆಯವರು ಹೆದರಬಾರದಲ್ಲ, ವಿಡಿಯೊ ಬೇರೆ ಉಂಟು ಎಂದಳು. ಮಾಸ್ಕ್ ಬೇಡವಾದರೆ ತಾನೂ ತನ್ನ ಗಂಡನೂ ಧಾರೆ ಎರೆಯುತ್ತೇವೆ, ದುಗ್ಗಮ್ಮ ಒಳಗೆ ಕೂತರೆ ಸಾಕು ಎಂದಳು. ಅಚ್ಚುತ ನೆಲ ನೋಡಿದ. ಸೀತುವಿನ ಮಾತಿಗಿಂತ ಆ ನೋಟಕ್ಕೇ ದುಗ್ಗಮ್ಮನ ಮೈ ಉರಿಯಿತು.

"ಅತ್ತಿಗೆ, ಅವಳನ್ನು ಹೆತ್ತದ್ದು ನಾನು. ಧಾರೆ ಎರೆಯುದೂ ನಾನೇ. ಮೂಗು ನೋಡ್ಲಿಕ್ಕೆ ಆಗದವರು ಕೈ ನೋಡ್ಲಿ."

ಆದರೂ ಮಾಸ್ಕನ್ನು ತೆಗೆದುಕೊಂಡಳು. ಸೀತುವಿಗೆ ಅಷ್ಟೇ ಸಮಾಧಾನ.

ಮರುದಿನ ಮಂಟಪದಲ್ಲಿ ಮಾಸ್ಕ್ ಅವಳ ಸೊಂಟದಲ್ಲಿತ್ತು, ಮುಖದ ಮೇಲಲ್ಲ. ಫೋಟೊದವನು "ಸ್ವಲ್ಪ ಆಚೆ ತಿರುಗಿ" ಎಂದ. ದುಗ್ಗಮ್ಮ ನೇರ ಅವನ ಕ್ಯಾಮೆರಾಕ್ಕೇ ಮುಖ ಕೊಟ್ಟಳು. ಅಚ್ಚುತ ಒಮ್ಮೆ ಅವಳನ್ನು ನೋಡಿದ, ಕಿವಿಯೋಲೆಯನ್ನಲ್ಲ, ಮತ್ತೆ ಧಾರೆಯ ಗಿಂಡಿಗೆ ಕೈ ಕೊಟ್ಟ. ಇಬ್ಬರೂ ಸೇರಿ ಮಗಳು ಅಳಿಯನ ಜೋಡಿಸಿದ ಕೈಗಳ ಮೇಲೆ ಧಾರೆ ಎರೆದರು. ಯಾರೂ ಹೆದರಿ ಓಡಲಿಲ್ಲ.

ಮುಗಿದ ಮೇಲೆ ದುಗ್ಗಮ್ಮ ಸೊಂಟದಿಂದ ಮಾಸ್ಕ್ ಎಳೆದು ಒದ್ದೆ ಕೈಯನ್ನು ಚೆನ್ನಾಗಿ ಒರೆಸಿಕೊಂಡಳು. ಮಡಚಿ ಸೀತುವಿನ ಕೈಯಲ್ಲಿಟ್ಟಳು.

"ಒಳಗೆ ಒಳ್ಳೆ ಹತ್ತಿ ಹಾಕಿಸಿದ್ದೀರಿ ಅತ್ತಿಗೆ. ನೀರು ಲಾಯ್ಕ ಹೀರ್ತದೆ."